ಅತ್ತೆಗೆ ಕಲಿಸಿದ ಬಸ್ ಇಂಗ್ಲಿಷ್

ಕೋಲಾರ–ಕುರುಡುಮಲೆ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಆದ ನನಗೆ ನಗು ಹುಡುಕಿಕೊಂಡು ಹೋಗೋ ಕಷ್ಟವಿಲ್ಲ. ಟಿಕೆಟ್ ಇಲ್ಲದೇ ಅದೇ ಹತ್ತಿ ಕೂರುತ್ತೆ. ನಾನು ಹೇಳೋದೆಲ್ಲ ನಿಜ. ಸ್ವಲ್ಪ ಒಗ್ಗರಣೆ ಹಾಕಿರ್ತೀನಿ, ಅಷ್ಟೆ.

೧. ನಮ್ಮ ಇಂಗ್ಲಿಷ್

‘ಆಲ್ ರೈಟ್’ನಲ್ಲಿ ‘ಆಲ್’ ಯಾವತ್ತೋ ದಾರೀಲಿ ಇಳಿದುಹೋಗಿದೆ. ಉಳಿದಿರೋದು ‘ರೈಟ್’. ಅಂದ್ರೆ ಹೊರಡು. ‘ಹೋಲ್ಡ್ ಆನ್’ ಸವೆದು ‘ಓಲ್ಡಾನ್’ ಆಗಿದೆ. ಅಂದ್ರೆ ನಿಲ್ಲಿಸು. ನಮ್ಮ ಡ್ರೈವರ್ ಹಿಂದೆ ತಿರುಗಿ ನೋಡೋನಲ್ಲ; ಯಾರು ಕೂಗಿದರೂ ಸರಿ, ಪದ ಕಿವಿಗೆ ಬಿದ್ದರೆ ಸಾಕು.

ಒಂದು ದಿನ ಫ್ಯಾಕ್ಟರಿ ಆಫೀಸರೊಬ್ಬರು, "ಎಕ್ಸ್‌ಕ್ಯೂಸ್ ಮಿ, ಕುಡ್ ಯು ಪ್ಲೀಸ್ ಸ್ಟಾಪ್ ಹಿಯರ್?" ಅಂತ ನಯವಾಗಿ ಕೇಳಿದರು.

ಡ್ರೈವರ್ ನನಗೆ ಹೇಳಿದ: "ಲೇ, ಯಾರೋ ಫೋನಲ್ಲಿ ಮಾತಾಡ್ತಾವ್ರೆ. ಮೆಲ್ಲಗೆ ಮಾತಾಡೋಕೆ ಹೇಳು."

೨. ಪಾಯಸ

ಮಾಲೂರಿನ ಮದುವೆ ಊಟಕ್ಕೆ ನಾನೂ ಡ್ರೈವರೂ ಅಕ್ಕಪಕ್ಕ ಕೂತಿದ್ವಿ. ಬಡಿಸೋನು ಹಿಂದೆ ನಂಗಲೀಲಿ ಲಾರಿ ಕ್ಲೀನರ್ ಆಗಿದ್ದವನು. ಪಾಯಸ ಸಾಕು ಅನ್ನೋಕೆ ನಮ್ಮ ಡ್ರೈವರ್ ಅಭ್ಯಾಸಬಲದಿಂದ "ಓಲ್ಡಾನ್!" ಅಂತ ಕೂಗಿದ. ಬಡಿಸೋನು ಬಗ್ಗಿಸಿದ ಬಕೆಟ್ ಸಮೇತ ಗಕ್ಕನೆ ನಿಂತ. ಪಾಯಸಕ್ಕೆ ಮಾತ್ರ ಬ್ರೇಕ್ ಇರಲಿಲ್ಲ. ಅದು ಡ್ರೈವರ್ ತೊಡೆ ಮೇಲೆ ಬಂದು ನಿಂತಿತು.

೩. ಕಡುಬಿನ ಡಬ್ಬಿ

ಕುರುಡುಮಲೆ ಗಣಪನಿಗೆ ಅಂತ ನಮ್ಮತ್ತೆ ಕಡುಬು ಮಾಡಿಕೊಂಡು ನಮ್ಮ ಬಸ್ಸೇ ಹತ್ತಿದರು. ನೈವೇದ್ಯ ಆದ ಮೇಲೆ ಡಬ್ಬಿ ಪೂರ್ತಿ ನನಗೇ ಅಂತ ಮಾತಾಗಿತ್ತು. ಅದನ್ನ ನಂಬಿ ಬೆಳಗ್ಗೆ ತಿಂಡಿ ಬಿಟ್ಟಿದ್ದೆ.

"ಅಳಿಯಂದ್ರೆ, ಬಸ್ ನಿಲ್ಸೋಕೆ ಇಂಗ್ಲಿಷಲ್ಲಿ ಏನಂತಾರಪ್ಪ?"

ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ರೈಟ್ ಅನ್ನಬೇಕು ಅತ್ತೆ. ನಿಲ್ಲಿಸಲಿಲ್ಲ ಅಂದ್ರೆ ಇನ್ನೂ ಜೋರಾಗಿ."

ಮುಳಬಾಗಿಲು ದಾಟಿದ ಮೇಲೆ ಟೀ ಅಂಗಡಿ ಹತ್ರ ಒಂದು ಲೋಟ ನೀರಿಗೆ ಅಂತ ಇಳಿದೆ. ಹಿಂದಿದ್ದ ಲಾರಿ ಹಾರನ್ ಹೊಡೀತು ಅಂತ ಡ್ರೈವರ್ ಬಸ್ಸನ್ನ ಒಂಚೂರು ಮುಂದಕ್ಕೆ ತೆಗೆದ. ಅಳಿಯನ್ನ ಬಿಟ್ಟು ಹೊರಟೇಬಿಟ್ಟ ಅಂತ ಅತ್ತೆ ಎದ್ದು ನಿಂತು ಕೂಗಿದರು.

"ರೈಟ್!" ಬಸ್ಸು ಹೊರಟಿತು.

"ರೈಟ್! ರೈಟ್!" ಗೇರ್ ಬಿತ್ತು.

ನಾನು ಹಿಂದೆ ಓಡ್ತಾ ಓಲ್ಡಾನ್ ಅಂತೀನಿ. ಧೂಳಿಗೆ ಮಾತ್ರ ಕೇಳುತ್ತೆ. ಅತ್ತೆ ಕಿಟಕೀಲಿ ನನ್ನ ನೋಡಿ ಅಯ್ಯಯ್ಯೋ ಅಂತ ಸೀಟು ಬಡಿದು ಇನ್ನಷ್ಟು ರೈಟ್ ಅಂತಾರೆ.

"ಪೋತಾನೇ ಉಂಡಾನು ಕದಮ್ಮಾ, ಹೋಗ್ತಾನೇ ಇದೀನಲ್ಲ, ಇನ್ನೆಷ್ಟು ಸ್ಪೀಡಾಗಿ ಹೋಗ್ಲಿ?" ಅಂತ ರೇಗಿ ಡ್ರೈವರ್ ಆಕ್ಸಿಲರೇಟರ್ ತುಳಿದ. ಅತ್ತೆಯ ಪ್ರೀತಿ ಹೆಚ್ಚಿದಷ್ಟೂ ಬಸ್ಸು ದೂರ.

ಟೊಮೆಟೊ ಟೆಂಪೋ ಹತ್ತಿ ನಾನು ದೇವಸ್ಥಾನ ಸೇರಿದಾಗ, ಅಳಿಯ ಇನ್ನೆಲ್ಲಿ ಬರ್ತಾರೆ ಅಂತ ಅತ್ತೆ ಕಡುಬನ್ನೆಲ್ಲ ಬಸ್ಸಿನವರಿಗೆ ಹಂಚಿ ಮುಗಿಸಿದ್ದರು. ಕೊನೇದು ಡ್ರೈವರ್ ಬಾಯಲ್ಲಿತ್ತು. ನನ್ನ ಕಂಡು ಅತ್ತೆ ಕಣ್ಣು ತುಂಬಿಕೊಂಡರು.

"ಗಂಟಲು ಹರಿಯೋ ಹಾಗೆ ಕೂಗಿದೆ ಕಣಪ್ಪಾ. ಏನ್ ಮಾಡೋದು, ಆ ಡ್ರೈವರ್‌ಗೆ ಇಂಗ್ಲಿಷೇ ಬರಲ್ಲ!"