ಇಪ್ಪತ್ತೇಳನೆಯ ಹುಣಸೆ ಬೀಜ

"ಅಕಿ ನನಗಿಂತ ಹಿರಿಯಾಕಿ ಅಂತ ಯಾವ ಕುರುಡ ಹೇಳ್ಯಾನ? ಲಗ್ನದಾಗ ಮೊದಲ ಆಯೇರಿ ಸೀರಿ ಹಿರಿಯಾಕಿಗೇ ಸಲ್ಲಬೇಕು. ಅದು ನಂದು. ಇಲ್ಲಂದ್ರ ಈ ಲಗ್ನಾನೇ ಬ್ಯಾಡ." ತುಳಜಾಬಾಯಿ ಲಟ್ಟಣಿಗೆ ಎತ್ತಿದಳು.

"ನಿನ್ನ ವಯಸ್ಸೆಷ್ಟು ಹೇಳು, ಅವ್ವಾ. ಹುಮನಾಬಾದಿಗೆ ಹೋಗಿ ಬೀಗತಿದೂ ಕೇಳಿ ಬರ್ತೀನಿ."

"ಹೆಂಗಸರ ವಯಸ್ಸು ಕೇಳ್ತೀಯಾ? ನಾಚಿಕಿ ಇಲ್ಲೇನು ನಿನಗ?"

ವಯಸ್ಸು ಹೇಳಿದರೆ ನಾಲಿಗೆಗೇನು ಹುಣ್ಣಾಗುತ್ತಿತ್ತೋ. ಮಗ ದಿಗಂಬರ ತಲೆ ಕೆರೆದುಕೊಂಡ. ಎರಡು ಸಂಬಂಧ ಆಗಲೇ ಮುರಿದಿದ್ದವು, ಇದೂ ಹೋದರೆ ಹೆಣ್ಣು ಕೊಡುವವರಿಲ್ಲ. ಅದಕ್ಕೇ ಹುಡುಗಿಯ ಮನೆಯಲ್ಲಿ ತನಗೆ ಇಪ್ಪತ್ತಾರು ಎಂದು, ಅವ್ವನಿಗೂ ತಿಳಿಸದೆ, ಹೇಳಿ ಬಂದಿದ್ದ. ಆ ಇಪ್ಪತ್ತಾರು ಕೆಟ್ಟ ಲಾರಿಯ ಹಾಗೆ ಎಂಟು ವರ್ಷದಿಂದ ಅಲ್ಲೇ ನಿಂತಿತ್ತು.

ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋದ. ಹುಡುಗಿಯ ತಾಯಿ ಭಾಗಮ್ಮ, "ಮೊದಲು ನಿಮ್ಮವ್ವ ಹೇಳ್ಲಿ, ಅಳಿಯಾವ್ರ," ಎಂದಳು. ಬಸವಕಲ್ಯಾಣಕ್ಕೆ ವಾಪಸ್ಸು. "ಮೊದಲು ಅಕಿ ಹೇಳ್ಲಿ." ಮತ್ತೆ ಹುಮನಾಬಾದು. ಕಾರ್ಡು ಬರೆದರೆ ಓಣಿಯೇ ಓದುತ್ತದೆ. ಟ್ರಂಕ್ ಕಾಲ್ ಮಾಡಿದರೆ ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಾರೆ. ಕಂಡಕ್ಟರ್ ಅವನನ್ನು ಮೇಲೆ ಕೆಳಗೆ ನೋಡಿ, "ನಿಮಗ ನಮ್ಮ ಬಸ್ಸಿನ್ಯಾಗ ನೌಕರಿ ಆಗ್ಯದೇನ್ರಿ?" ಎಂದ.

ಬಸವಕಲ್ಯಾಣದ ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯ ಜಲಾಲುದ್ದೀನ್ ಇದನ್ನೆಲ್ಲ ಕೇಳಿ ನಕ್ಕ. "ಇಬ್ರೂ ವರ್ಷಕ್ಕೊಂದು ಹುಣಚಿ ಬೀಜ ಚೀಲಕ್ಕ ಹಾಕಿ, ಬಾಯಿ ಹೊಲಿದು ತರ್ಲಿ. ಯಾರ್ದು ಭಾರ ಅಂತ ನನ್ನ ತಕ್ಕಡಿ ಹೇಳ್ತದ. ಎಷ್ಟು ಅಂತ ಹೇಳೂದಿಲ್ಲ."

ಮರುದಿನ ಮಧ್ಯಾಹ್ನ ದಿಗಂಬರ ಅವ್ವನನ್ನು ಚೀಲದ ಸಮೇತ ಕರೆತಂದ. ಸುದ್ದಿ ಮುಟ್ಟಿ ಹುಮನಾಬಾದಿನಿಂದ ಭಾಗಮ್ಮನೂ ತನ್ನ ಚೀಲ ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಸೇರಿತು. ತಕ್ಕಡಿ ಅತ್ತ ತೂಗಿತು, ಇತ್ತ ತೂಗಿತು, ಮುಳ್ಳು ನಡುವೆ ಬಂದು ನಿಂತೇಬಿಟ್ಟಿತು.

"ಅಯ್ಯ, ನನ್ನ ವಾರಿಗಿಯಾಕಿ," ಎಂದು ತುಳಜಾಬಾಯಿ ಬೀಗತಿಯನ್ನು ತಬ್ಬಿಕೊಂಡಳು. ಇಬ್ಬರಿಗೂ ಒಟ್ಟಿಗೇ ಆಯೇರಿಯ ಸೀರೆ ಕೊಡುವುದು ಎಂದು ತೀರ್ಮಾನವಾಯಿತು. ದಿಗಂಬರ ಓಡಿಹೋಗಿ ಪೇಢೆ ತಂದು ಹಂಚಿದ.

ಪೇಢೆ ನುಂಗುತ್ತ ಭಾಗಮ್ಮ ಅಂದಳು, "ತಕ್ಕಡಿ ಭಾಳ ಛಲೋ ಅದ. ಅಳಿಯಾವ್ರದೂ ಒಮ್ಮಿ ಆಗಿಬಿಡ್ಲಿ. ಇಪ್ಪತ್ತಾರು ಅಂದಾರ. ಈ ಕಡಿ ನಾ ಇಪ್ಪತ್ತಾರು ಹಾಕ್ತೀನಿ. ಹಡೆದಾಕಿ ನೀವು, ಆ ಕಡಿ ಹಾಕ್ರಿ."

"ಅದಕ್ಕೇನ್ರಿ." ಜಲಾಲುದ್ದೀನ್ ಬೀಜದ ಬುಟ್ಟಿ ಮುಂದಿಟ್ಟ. ತುಳಜಾಬಾಯಿ ಒಂದೊಂದು ವರ್ಷ ನೆನಪು ಮಾಡಿಕೊಂಡು ಒಂದೊಂದು ಬೀಜ ಹಾಕುತ್ತ ಹೋದಳು. ತಟ್ಟೆಗಳು ಸಮವಾದವು. ಅವಳ ಕೈ ಮತ್ತೆ ಬುಟ್ಟಿಗೆ ಹೋಯಿತು. ಇಪ್ಪತ್ತೇಳನೆಯದು ಟಕ್ಕನೆ ಬಿತ್ತು.

"ನೀರು ಕುಡಿದು ಬರ್ತೀನ್ರಿ," ಎಂದು ದಿಗಂಬರ ಮೆಲ್ಲಗೆ ಅಂಗಡಿಯಿಂದ ಇಳಿದ.

ಅವ್ವ ಇನ್ನೂ ಹಾಕುತ್ತಲೇ ಇದ್ದಳು. ಅವನ ಪಾಲಿನ ಪೇಢೆ ಸಂಜೆಯ ತನಕ ತಕ್ಕಡಿಯ ಪಕ್ಕದಲ್ಲೇ ಇತ್ತು. ಆಮೇಲೆ ಅದನ್ನು ಜಲಾಲುದ್ದೀನ್ ತಿಂದ.