ಕಂಕುಳಿಗೆ ಕಬ್ಬಿಣದ ತೇಪೆ

"ಒಂದು ತೇಪೆಗೆ ದರ್ಜಿ ಯಾಕೆ ಬೇಕು? ನಾನೇ ಹೊಲೀತೀನಿ," ಎಂದು ನ್ಯೂರೆಂಬರ್ಗಿನ ಹಗ್ಗ ಹೊಸೆಯುವ ವೆಂಡೆಲ್ ಘೋಷಿಸಿದ. ಹೆಂಡತಿ ಕುನಿಗುಂಡೆ ನಿಟ್ಟುಸಿರುಬಿಟ್ಟಳು. ಮಹಾಶಯರ ಘೋಷಣೆಗಳ ರುಚಿ ಅವಳು ಕಂಡವಳೇ.

ಭಾನುವಾರ ಬೀದಿಯ ಗಂಡಸರೆಲ್ಲ ಕವಚ ತೊಟ್ಟು ನಗರದ ಅಧಿಕಾರಿಯ ತಪಾಸಣೆಗೆ ಚೌಕದಲ್ಲಿ ನಿಲ್ಲಬೇಕು. ಅಂದೇ ಬೀದಿಯ ನಾಯಕನ ವರ್ಷದ ಆಯ್ಕೆ. ಆ ಪದವಿಯ ಮೇಲೆ ವೆಂಡೆಲ್ ಇಪ್ಪತ್ತು ವರ್ಷದಿಂದ ಕಣ್ಣಿಟ್ಟಿದ್ದ. ಎದುರಾಳಿ, ಬ್ರೆಡ್ ಬೇಯಿಸುವ ಉಟ್ಸ್. ಕವಚವೇನೋ ಸರಿಯಿತ್ತು. ಅದರೊಳಗೆ ಹಾಕುವ ದಪ್ಪ ಅಂಗಿಯದೇ ಗೋಳು. ಕವಚ ಮುಚ್ಚದ ಕಂಕುಳಿನ ಜಾಗಕ್ಕೆ ಹೊಲಿದಿದ್ದ ಕಬ್ಬಿಣದ ಉಂಗುರಬಲೆ ತುಕ್ಕು ಹಿಡಿದು ಕಿತ್ತುಬಂದಿತ್ತು.

ಬಲೆಯನ್ನು ಮರಳು, ವಿನೆಗರ್ ಜೊತೆ ಪೀಪಾಯಿಗೆ ತುಂಬಿ ಎರಡು ದಿನ ಅಂಗಳದ ತುಂಬ ಉರುಳಿಸಿದ. ತುಕ್ಕು ಹೋಯಿತು, ಜೊತೆಗೆ ಸೊಂಟವೂ ಹೋಯಿತು. ಎಣ್ಣೆ ಸವರಿ, ಮೂರು ಸೂಜಿ ಮುರಿದು, ಅಂತೂ ಹೊಲಿಗೆ ಶುರುವಾಯಿತು.

"ರೀ, ಅಷ್ಟು ಬಿಗಿಯಾಗಿ ಎಳೀಬೇಡಿ. ಸ್ವಲ್ಪ ಸಡಿಲ ಬಿಡಿ."

"ಸುಕ್ಕು ಬಿದ್ರೆ ಬೀದಿಯೆಲ್ಲ ನಗುತ್ತೆ ಕಣೇ. ಹಗ್ಗ ಬಿಗಿಯೋನಿಗೇ ಬಿಗಿಯೋದು ಹೇಳಿಕೊಡ್ತೀಯಾ?"

"ಒಮ್ಮೆ ತೊಟ್ಟು ಕೈ ಎತ್ತಿ ನೋಡ್ಬಾರ್ದಾ?"

"ಎರಡು ದಿನ ಪೀಪಾಯಿ ಉರುಳಿಸಿದ ಕೈ ಇದು. ಎತ್ತೋಕೆ ತ್ರಾಣ ಎಲ್ಲಿದೆ?"

ಭಾನುವಾರ ಚೌಕದಲ್ಲಿ ವೆಂಡೆಲನ ಕಂಕುಳು ಬೆಳ್ಳಿಯಂತೆ ಹೊಳೆಯಿತು. ಅಧಿಕಾರಿ ಉಟ್ಸನ ಹೆಸರು ಕೂಗಿದ. ಉಟ್ಸನದೂ ಸೇರಿ ಏಳು ಕೈ ಎದ್ದವು. ವೆಂಡೆಲನ ಹೆಸರಿಗೂ ಏಳು. ತನ್ನದೊಂದು ಸೇರಿದರೆ ಗೆದ್ದಂತೆಯೇ! ಎತ್ತಿದ. ಬಲಗೈ ಸೊಂಟದಿಂದ ಒಂದು ಗೇಣು ಮೇಲೆ ಬಂದು ನಿಂತುಬಿಟ್ಟಿತು. ಎಡಗೈ ಅಷ್ಟೂ ಬರಲಿಲ್ಲ. ಬಿಗಿದ ಬಲೆ ಒಂದು ಕೂದಲೆಳೆಯಷ್ಟೂ ಹಿಗ್ಗಲಿಲ್ಲ. ಮುಖ ಕೆಂಪಗಾಗಿ, ಬೆವರಿ, ಕೊನೆಗೆ ಸೋತು ಕೈಬಿಟ್ಟ.

"ಅವನಿಗೇ ಬೇಡದ ಮೇಲೆ ನಮಗ್ಯಾಕೆ?" ಎಂದು ಪಕ್ಕದಲ್ಲಿದ್ದ ಮೇಣದಬತ್ತಿ ಮಾಡುವವನೂ ಎತ್ತಿದ ಕೈ ಇಳಿಸಿದ. ಏಳಕ್ಕೆ ಆರು!

ನಾಯಕನಾದ ಉಟ್ಸ್ ಬಂದು ತಬ್ಬಿಕೊಂಡ. "ನನಗೋಸ್ಕರ ಬಿಟ್ಟುಕೊಟ್ಟೆಯಲ್ಲ ಮಾರಾಯ, ಎಂಥಾ ದೊಡ್ಡ ಮನಸ್ಸು! ಅಂದಹಾಗೆ, ಈ ಬಲೆ ಯಾರ ಕೈಕೆಲಸ?"

ಕೈ ಏಳಲೇ ಇಲ್ಲ ಎಂಬ ನಿಜ ಹೇಳಿದರೆ ಮಾನ ಹೋಗುತ್ತದೆ. "ನಾನೇ ಹೊಲಿದದ್ದು," ಎಂದು ವೆಂಡೆಲ್ ಬೀಗಿದ.

ಬೆಳಗಾಗುವಷ್ಟರಲ್ಲಿ ಬಾಗಿಲಲ್ಲಿ ಬೀದಿಯವರೆಲ್ಲರ ತುಕ್ಕು ಹಿಡಿದ ಹದಿನಾಲ್ಕು ಅಂಗಿಗಳು ಬಿದ್ದಿದ್ದವು. ಹೊಸ ನಾಯಕನ ಮೊದಲ ಅಪ್ಪಣೆ. ವೆಂಡೆಲ್ ಸೊಂಟ ಹಿಡಿದು ಹೊಸ್ತಿಲ ಮೇಲೇ ಕುಸಿದ.

ಕುನಿಗುಂಡೆ ಸೂಜಿ ತಂದು ಅವನ ಕೈಗಿಟ್ಟಳು. "ಎಲ್ಲರದ್ದೂ ನಿಮ್ಮದರ ಹಾಗೇ ಬಿಗಿಯಾಗಿ ಹೊಲೀರಿ. ಬರೋ ವರ್ಷ ಉಟ್ಸ್‌ಗೂ ಒಂದು ಕೈ ಏಳಲ್ಲ."