ಮಸ್ಟಾಂಗೋ ಕಮಾರೋವೋ

ತಿಳಿಯದ ವಿಷಯದಲ್ಲಿ ಯಾರಾದರೂ ಸಲಹೆ ಕೇಳಿದರೆ ‘ಗೊತ್ತಿಲ್ಲ’ ಎನ್ನುವ ಒಳ್ಳೆಯ ಅಭ್ಯಾಸ ನನಗಿಲ್ಲ. ತಿಳಿದ ವಿಷಯದಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲವಾದ್ದರಿಂದ, ಸಿಕ್ಕಿದ ಅವಕಾಶ ಬಿಡಲು ಮನಸ್ಸು ಬರುವುದಿಲ್ಲ. ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ನಮ್ಮ ಪಕ್ಕದ ಮನೆಯ ಬೆಂಗ್ಟ್, ತಮ್ಮ ಮಸ್ಟಾಂಗ್, ಕಮಾರೋ ಎಂಬ ಎರಡು ಹಳೆಯ ಅಮೆರಿಕನ್ ಕಾರುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಲಿ ಎಂದು ಕೇಳಿದಾಗಲೂ ಹಾಗೇ ಆಯಿತು. ಅಷ್ಟು ಹೊತ್ತಿಗೆ ನಾನು ಇಲ್ಲಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದೆ. ಬೆಂಗಳೂರಿನಲ್ಲಿ ಹತ್ತು ವರ್ಷ ಕಾರು ಓಡಿಸಿದ್ದೇನೆ ಅಂದರೆ, ಪರೀಕ್ಷೆ ಮಾಡುವಾಕೆ ಮೆತ್ತಗೆ, “ಅದು ಕಾಣುತ್ತೆ” ಅಂದಿದ್ದಳು.

ಎಪ್ಪತ್ತು ದಾಟಿದ ಬೆಂಗ್ಟ್ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದವರು. ನನಗೆ ಅಭ್ಯಾಸ ಮಾಡಿಸಬೇಕೆಂದೇ ಇಲ್ಲಿ ಕಲಿಸುವವರೂ ಹೋಗಲೇಬೇಕಾದ ಕೋರ್ಸಿಗೆ ಹೋಗಿ ಕೂತು ಬಂದವರು. ಪ್ರತಿ ಭಾನುವಾರ ನಮ್ಮ ಸಣ್ಣ ಕಾರಿನಲ್ಲಿ ನನ್ನ ಪಕ್ಕ ಕೂತು, ನಾನು ಗೇರು ಕಿರುಚಿಸಿದಾಗೆಲ್ಲ ಕಿಟಕಿಯಾಚೆ ನೋಡುತ್ತಿದ್ದರು. ಈಗ ಅವರ ಮೊಣಕಾಲು ಸೋತಿತ್ತು. ಎರಡೆರಡು ಕಾರಿನ ಕೆಳಗೆ ನುಸುಳುವುದು ಇನ್ನಾಗದು.

“ನನ್ನನ್ನೇ ಯಾಕೆ ಕೇಳ್ತೀರಿ?” ಅಂದೆ.

“ನನ್ನ ಸ್ನೇಹಿತರಿಗೆಲ್ಲ ಇದು ಮೇಲು, ಅದು ಮೇಲು ಅಂತ ಒಂದೊಂದು ಪಕ್ಷ ಇದೆ. ನಿನಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ,” ಅಂದರು.

ಎರಡು ಭಾನುವಾರ ಎರಡರಲ್ಲೂ ನನ್ನನ್ನು ಕೂರಿಸಿಕೊಂಡು ಸಮುದ್ರದಂಚಿನಲ್ಲಿ ಸುತ್ತಾಡಿಸಿದರು. ಎರಡೂ ಗುಡುಗಿನಂತೆ ಸದ್ದು ಮಾಡುವಂಥವೇ. ಕಮಾರೋ ಹುಟ್ಟಿದಂತೆಯೇ ಇತ್ತು: ಎಂಜಿನ್ ನಂಬರು ಕಾಗದಪತ್ರಕ್ಕೆ ತಾಳೆಯಾಗುತ್ತಿತ್ತು, ಬಣ್ಣ ಕೂಡ ಮೊದಲಿನದೇ. ಮಸ್ಟಾಂಗಿನ ಎಂಜಿನ್ ಬೇರೆ ಕಾರಿನದು, ಬಾಗಿಲು ಮತ್ತೊಂದರದು, ಸೀಟು ಬೆಂಗ್ಟ್ ಕೈಯಾರೆ ಹೊಲಿದದ್ದು. ನಾನು ಸಾಫ್ಟ್‌ವೇರ್ ಟೆಸ್ಟರ್. ಹನ್ನೊಂದು ಕಾಲಮ್ಮಿನ ಪಟ್ಟಿ ಮಾಡಿದೆ. ಹೆಂಡತಿ ಸುಜಾತ ಇಣುಕಿ ನೋಡಿ, “ನನ್ನ ನೋಡೋಕೆ ಬಂದಾಗ ಇಷ್ಟೆಲ್ಲ ವಿಚಾರಿಸಿದ್ರಾ ರೀ?” ಅಂದಳು.

ಫಿಕಾಕ್ಕೆ, ಅಂದರೆ ಇಲ್ಲಿನವರ ಕಾಫಿ-ತಿಂಡಿಯ ಬಿಡುವಿಗೆ, ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಕೂತಾಗ ತೀರ್ಪು ಓದಿದೆ. “ಸಂಗ್ರಹಕಾರರ ಲೆಕ್ಕದಲ್ಲಿ ಕಮಾರೋನೇ ಮೇಲು.”

ಬೆಂಗ್ಟ್ ಗಮನವಿಟ್ಟು ಕೇಳಿ, “ಸರಿ, ಅದನ್ನೇ ಕೊಟ್ಟುಬಿಡ್ತೀನಿ,” ಅಂದರು. ನಾನು ತಬ್ಬಿಬ್ಬಾದೆ. “ಅದು ಎಲ್ಲಿ ಹೋದರೂ ಚೆನ್ನಾಗಿ ನೋಡಿಕೊಳ್ತಾರೆ. ಇನ್ನೊಂದಕ್ಕೆ ನನ್ನ ಬಿಟ್ಟರೆ ಯಾರಿದ್ದಾರೆ?”

ಮುಂದಿನ ವಾರ ಮಾಲ್ಮೋದಿಂದ ಬಂದವರೊಬ್ಬರು ಕಮಾರೋ ಒಯ್ದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಬೆಂಗ್ಟ್ ನಿಂತೇ ಇದ್ದರು. ನಾನೂ ಪಕ್ಕದಲ್ಲಿ ನಿಂತಿದ್ದೆ. ಮನೆಯಲ್ಲಿ ಸುಜಾತ ಎಲ್ಲ ಕೇಳಿಸಿಕೊಂಡು, “ಮೂರು ಸಲ ಫೇಲಾದರೂ ನಿಮ್ಮನ್ನ ಅವರು ಯಾಕೆ ಬಿಟ್ಟಿಲ್ಲ ಅಂತ ಈಗ ಅರ್ಥ ಆಯ್ತು,” ಅಂದಳು. ಕೋಪ ಬರಬೇಕಿತ್ತು. ಬದಲಿಗೆ, ಆ ಮುದುಕರು ನನಗಾಗಿ ಕಳೆದ ಭಾನುವಾರಗಳೆಲ್ಲ ನೆನಪಾಗಿ ಕಣ್ಣು ಮಂಜಾಯಿತು.

ನಾಲ್ಕನೇ ಸಲ ಪಾಸಾದೆ. ಸುದ್ದಿ ಹೇಳಿದ ಮೇಲೆ ಬೆಂಗ್ಟ್‌ರ ಭಾನುವಾರಗಳು ಬರಿದಾಗುತ್ತವಲ್ಲ ಅನ್ನಿಸಿತು. ನನ್ನವೂ ಕೂಡ. “ಇನ್ನೊಂದಷ್ಟು ದಿನ ಅಭ್ಯಾಸ ಬೇಕೇನೋ,” ಅಂತ ಸುಳ್ಳೇ ಹೇಳಿದೆ. ಅವರು ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ಮಾತ್ರ ಸ್ವಲ್ಪ ಚುಚ್ಚಿತು.